ಎಡಗೈಗೆ ಬಿದ್ದ ಬಿಸಿಲು

ಹೊರಗೆ ಕಾಲಿಡುವ ಮೊದಲು ನಾನು ಎಡಗೈಗೆ ಬಟ್ಟೆಯ ತೋಳು ಏರಿಸಿಕೊಳ್ಳುತ್ತೇನೆ. ಮೊಣಕೈಯಿಂದ ಬೆರಳಿನ ಬುಡದವರೆಗೆ ಬರುತ್ತದೆ, ಹೆಬ್ಬೆರಳಿಗೆ ಒಂದು ತೂತು. ಮೊಮ್ಮಕ್ಕಳಿಗೆ ಇದು ದೊಡ್ಡ ತಮಾಷೆ. "ಅಜ್ಜೀ, ಮೋಟಾರ್ ಸೈಕಲ್ ಎಲ್ಲಿ ನಿಲ್ಸಿದ್ದೆ?" ಎಂದು ಕೇಳುತ್ತವೆ. ಕೇಳಲಿ. ತಲೆಗೆ ಸೆರಗು, ಸೆರಗಿನ ಮೇಲೆ ಅಡಿಕೆಯ ಹಾಳೆಟೋಪಿ, ಕೈಗೆ ತೋಳು, ಇಷ್ಟು ಆಗದೆ ನಾನು ಅಂಗಳ ದಾಟುವವಳಲ್ಲ. ಈಗಿನ ಹುಡುಗಿಯರು ಮುಖಕ್ಕೆ ಏನೇನೋ ಬಳಿದುಕೊಂಡು ಹೋಗುತ್ತಾರೆ, ಅದಕ್ಕೆ ಯಾರೂ ನಗುವುದಿಲ್ಲ. ನನ್ನ ತೋಳು ಕಂಡರೆ ಮಾತ್ರ ಎಲ್ಲರೂ ಹಲ್ಲು ಬಿಡುತ್ತಾರೆ.

ತೋಳಿನ ಒಳಗಿರುವ ಕೈ ಬಿಳಿ. ತೊನ್ನು. ಮೊದಲು ಕಾಣಿಸಿದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ, ಅಕ್ಕಿಗೂ ಬಟ್ಟೆಗೂ ಕಂಟ್ರೋಲ್ ಬಂದಿದ್ದ ವರ್ಷಗಳಲ್ಲಿ. ಆಗ ನಾನು ಲಂಗ ಬಿಟ್ಟು ಸೀರೆ ಉಡಲು ಕಲಿತಿದ್ದೆ ಅಷ್ಟೆ. ನಮ್ಮ ಮನೆ ಕಾಸರಕೋಡಿನಲ್ಲಿ, ಅಳಿವೆಯ ಬಾಯಿಗೆ ಹತ್ತಿರ. ಅಪ್ಪ ರಾಂಪಣಿ ಬಲೆಯವರ ಜೊತೆ ಕಡಲಿಗೆ ಹೋಗುತ್ತಿದ್ದ. ಅಬ್ಬೆ ಬುಟ್ಟಿ ಹೊತ್ತು ದೋಣಿ ದಾಟಿ ಹೊನ್ನಾವರದ ಪೇಟೆಯಲ್ಲಿ ಹಸಿಮೀನು ಮಾರುತ್ತಿದ್ದಳು. ಮಿಕ್ಕ ಮೀನನ್ನು ಉಪ್ಪು ಹಾಕಿ ಮರಳಿನಲ್ಲಿ ಒಣಗಿಸುವ ಕೆಲಸ ನನ್ನದು, ಅಪ್ಪನ ತಾಯಿಯದು. ಆ ಅಜ್ಜಿ ಒಣಗಿಸಿದ ಬಂಗಡೆ ಎಂದರೆ ಭಟ್ಕಳದಿಂದ ಬರುವ ವ್ಯಾಪಾರಿ ಮೂಸಿ ನೋಡದೆ ಮೂಟೆ ಕಟ್ಟಿಸುತ್ತಿದ್ದ.

ನನಗೆ ಒಂದು ಕಡೆ ಕೂತು ಗೊತ್ತಿಲ್ಲ. ಕಾಗೆ ಬಂದರೂ ಏಳುತ್ತಿದ್ದೆ, ಬಾರದಿದ್ದರೂ ಏಳುತ್ತಿದ್ದೆ. ಶಾಲೆಯಲ್ಲಿ ಮೂರನೆಯ ಇಯತ್ತೆಯ ಮಾಸ್ತರರು ನನ್ನನ್ನು ಕಿಟಕಿಯಿಂದ ದೂರ ಕೂರಿಸಿ ಕೂರಿಸಿ ಸೋತು ಮನೆಗೆ ಹೇಳಿ ಕಳಿಸಿದ್ದರು. ಕಾಲಿಗೆ ಮುಳ್ಳು ಚುಚ್ಚಿದರೆ ಇಡೀ ಕೇರಿಗೆ ಕೇಳುವ ಹಾಗೆ ಕೂಗುತ್ತಿದ್ದೆ. "ಈ ಹುಡುಗಿ ಮೈಯಾಗೆ ಚಗಳಿ ಗೂಡು ಕಟ್ಟದೆ," ಎಂದು ಅಜ್ಜಿ ಎಲ್ಲರ ಮುಂದೆ ಹೇಳುತ್ತಿದ್ದಳು. ಕೆಂಪು ಚಗಳಿ ಇರುವೆ ಕಚ್ಚಿದವರಂತೆ ಕುಣಿಯುತ್ತಿದ್ದೆನಲ್ಲ, ಅದಕ್ಕೆ. ಈ ಮಾತು ಮುಂದೆ ನನ್ನ ಕುತ್ತಿಗೆಗೆ ಬಂತು.

ಮಚ್ಚೆ ಮೊದಲು ಎಡಗೈಯ ಹಿಂಬದಿಯಲ್ಲಿ ಮೂಡಿತು, ಹುಣಸೆಬೀಜದಷ್ಟು. ಉಪ್ಪು ಒಣಗಿ ಅಂಟಿದೆ ಎಂದು ತಿಕ್ಕಿದೆ. ಹೋಗಲಿಲ್ಲ. ಮಳೆ ಮುಗಿದು ಮೀನಿನ ಕಾಲ ಬರುವಷ್ಟರಲ್ಲಿ ಅದು ಅಂಗೈ ಅಗಲಕ್ಕೆ ಬೆಳೆದಿತ್ತು. ನಮ್ಮಲ್ಲಿ ಬಿಳಿ ಮಚ್ಚೆ ಎಂದರೆ ಜನರಿಗೆ ಒಂದೇ ಹೆದರಿಕೆ, ದೊಡ್ಡರೋಗ. ಕುಷ್ಠ ಎಂಬ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಕೇರಿ ಮುಗಿದು ಕೇದಗೆಯ ಹಿಂಡು ಶುರುವಾಗುವಲ್ಲಿ ಒಂದು ಗುಡಿಸಲಿತ್ತು, ಅದರಲ್ಲಿ ದೊಡ್ಡರೋಗದ ಮುದುಕನೊಬ್ಬ ಇದ್ದ. ಅವನೂ ಹಿಂದೆ ದೋಣಿಯವನೇ. ಮನೆಯವರು ಅನ್ನವನ್ನು ಕಲ್ಲಿನ ಮೇಲಿಟ್ಟು ಹಿಂದಿರುಗಿ ನೋಡದೆ ಬರುತ್ತಿದ್ದರು. ಅವನ ಕಾಲಿಗೆ ಕೆಂಡ ತಾಗಿದರೂ ಗೊತ್ತಾಗುತ್ತಿರಲಿಲ್ಲ, ಚರ್ಮ ಸುಟ್ಟ ವಾಸನೆ ಮೂಗಿಗೆ ಬಂದ ಮೇಲೆ ಕಾಲು ಎಳೆದುಕೊಳ್ಳುತ್ತಿದ್ದ. ಅದನ್ನು ನಾನೇ ಕಣ್ಣಾರೆ ಕಂಡಿದ್ದೆ. ಗುಡಿಸಲಿನ ಪಕ್ಕ ಇನ್ನೊಂದು ಗುಡಿಸಲು ಕಟ್ಟುವಷ್ಟು ಜಾಗ ಇತ್ತು. ಆ ಖಾಲಿ ಜಾಗವನ್ನು ನಾನು ದಿನಾ ನೋಡುತ್ತಿದ್ದೆ.

ಅಬ್ಬೆ ನನ್ನನ್ನು ಕುಮಟೆಗೆ ಕರೆದುಕೊಂಡು ಹೋದಳು. ಪೆಟ್ರೋಲ್ ಸಿಗದ ಕಾಲ, ಬಸ್ಸಿನ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿದ್ದರು. ಏರು ಬಂದಾಗ ಇಳಿದು ನಡೆಯಬೇಕು. ಉಳಿದವರು ಗೊಣಗಿದರು, ನನಗೆ ಇಳಿಯುವುದೇ ಸುಖ. ಕುಮಟೆಯ ಪಂಡಿತರು ನನ್ನ ಕೈ ತಿರುಗಿಸಿ ನೋಡಿದರು. ಕಣ್ಣು ಮುಚ್ಚಿಸಿ ದರ್ಭೆಯ ತುದಿಯಿಂದ ಮಚ್ಚೆಯನ್ನು ಮುಟ್ಟಿದರು. ಮುಟ್ಟಿದಾಗಲೆಲ್ಲ ನಾನು ಹೌದು ಎಂದೆ.

"ಇದು ಆ ರೋಗ ಅಲ್ಲ ಮಾರಾಯ್ತಿ. ಹೆದರಬೇಡ," ಎಂದರು ಅಬ್ಬೆಗೆ. ಬಾವಂಚಿ ಬೀಜದ ಎಣ್ಣೆ ಕೊಟ್ಟರು. "ಬೆಳಿಗ್ಗೆ ಹಚ್ಚಿ ಎಳೆಬಿಸಿಲಿಗೆ ಹಿಡೀಲಿ. ಒಂದು ಎಲೆಯಡಿಕೆ ಕವಳ ಹಾಕಿ ಮುಗಿಸೂವಷ್ಟು ಹೊತ್ತು, ಸಾಕು. ಆಮೇಲೆ ತೊಳೆದು ದಿನವಿಡೀ ನೆರಳಲ್ಲಿ ಇರ್ಲಿ. ಬಿಸಿಲು ಏರಿದ ಮೇಲೆ ಈ ಕೈ ಹೊರಗೆ ಕಾಣ್ಬಾರ್ದು."

ಅಬ್ಬೆ ಬಸ್ಸಿನುದ್ದಕ್ಕೂ ಆ ಮಾತನ್ನು ಬಾಯಿಪಾಠ ಮಾಡುತ್ತ ಬಂದಳು. ಮನೆಗೆ ಬಂದು ಅಜ್ಜಿಗೆ ಒಂದಕ್ಷರ ಬಿಡದೆ ಒಪ್ಪಿಸಿದಳು. ಅಜ್ಜಿ ಎಣ್ಣೆಯನ್ನು ಮೂಸಿ, ಸೀಸೆಯನ್ನು ಮಾಡಿನ ಕೆಳಗೆ ಸಿಕ್ಕಿಸಿ, ನಕ್ಕಳು.

"ಪಂಡಿತರು ಅಂಗಡಿಯಾಗೆ ಕೂತ್ಕಂಡು ಬಿಸಿಲಿನ ಸುದ್ದಿ ಹೇಳ್ತ್ರು. ಬಿಸಿಲು ಅಂದ್ರೆ ಎಂತ ಅಂತ ನಂಗೆ ಹೇಳೂಕೆ ಬರೂದು ಬೇಡ," ಎಂದಳು.

ಅವಳ ಲೆಕ್ಕ ಮೀನಿನ ಲೆಕ್ಕ. ಮೀನು ಒಣಗಿಸುವವರಿಗೆ ಎಳೆಬಿಸಿಲಿನಷ್ಟು ಕೆಟ್ಟದ್ದು ಯಾವುದೂ ಇಲ್ಲ. ಬೆಳಗಿನ ಬಿಸಿಲಿಗೆ ಮೀನು ಬೆವರುತ್ತದೆ, ಒಣಗುವುದಿಲ್ಲ. ಅಷ್ಟಕ್ಕೇ ತೆಗೆದು ನೆರಳಿಗೆ ಹಾಕಿದರೆ ಹೊಟ್ಟೆಯೊಳಗೆ ಹುಳ ಬೀಳುತ್ತದೆ, ಇಡೀ ಚಾಪೆ ಹಾಳು. ಕೆಲಸ ಮಾಡುವುದು ಮಧ್ಯಾಹ್ನದ ಬಿಸಿಲು. ಒಂದು ಮೈ ಕಾದು ಗಟ್ಟಿಯಾದ ಮೇಲೆ ಮಗುಚಿ ಇನ್ನೊಂದು ಮೈ ಕಾಯಿಸಬೇಕು. ಇಷ್ಟು ವರ್ಷ ಈ ಲೆಕ್ಕದಲ್ಲಿ ಅವಳ ಕೈಯಲ್ಲಿ ಒಂದು ಮೀನೂ ಕೆಟ್ಟಿರಲಿಲ್ಲ. ಮೊಮ್ಮಗಳ ಕೈಗೆ ಬೇರೆ ಲೆಕ್ಕ ಯಾಕೆ ಹಾಕುತ್ತಾಳೆ? ಅರೆಬರೆ ಬಿಸಿಲು ತಾಗಿಸಿದರೆ ರೋಗ ಒಳಗೇ ಕೂತುಬಿಡುತ್ತದೆ ಎಂದೇ ಅವಳಿಗೆ ಅನಿಸಿತು. ಅಬ್ಬೆ ಎರಡು ಮಾತು ಆಡಿ ಸುಮ್ಮನಾದಳು. ಅತ್ತೆಯ ಎದುರು ಮೂರನೆಯ ಮಾತು ಆಡುವ ಸೊಸೆ ನಮ್ಮ ಕೇರಿಯಲ್ಲಿ ಇರಲಿಲ್ಲ.

ಮಾರನೆಯ ದಿನ ಅಬ್ಬೆ ಬುಟ್ಟಿ ಹೊತ್ತು ದೋಣಿಗೆ ಹೋದ ಮೇಲೆ ಅಜ್ಜಿ ನನ್ನ ಕೈಗೆ ಎಣ್ಣೆ ಹಚ್ಚಿ ಮೀನಿನ ಚಾಪೆಯ ಪಕ್ಕ ಕೂರಿಸಿದಳು. ಕೈಯನ್ನು ಮಣೆಯ ಮೇಲೆ ಚಾಚಿ ಇಡಬೇಕು. ಬಿಸಿಲು ನೆತ್ತಿಗೆ ಬಂತು. ಮರಳು ಕಾದು ಕಾಲಿಡಲಾಗದಂತಾಯಿತು. ಎದ್ದು ಓಡಬೇಕೆಂದು ತೊಡೆಯ ನರಗಳೆಲ್ಲ ಎಳೆಯುತ್ತಿದ್ದವು.

"ಅಳ್ಳಾಡಬೇಡ, ಕೂಗಬೇಡ," ಎಂದಳು ಅಜ್ಜಿ. "ಕೂಗಿದ್ರೆ ನಾಲ್ಕು ಜನ ಬಂದು ಎಂತ ಆತು ಅಂತ ಕೇಳ್ತ್ರು. ಗುಣ ಆಗೂ ತನಕ ಯಾರ ಕಣ್ಣಿಗೂ ಬೀಳೂದು ಬೇಡ. ಹಲ್ಲು ಕಚ್ಚಿ ಕೂಕೋ."

ಕೂತೆ. ಹುಟ್ಟಿದ ಮೇಲೆ ಮೊದಲ ಸಲ ಒಂದು ಕಡೆ ಕೂತೆ. ಗುಡಿಸಲಿನ ಪಕ್ಕದ ಖಾಲಿ ಜಾಗ ಕಣ್ಣ ಮುಂದೆ ಇತ್ತಲ್ಲ, ಅದು ಕೂರಿಸಿತು. ಮೊದಲ ದಿನ ಏನೂ ಆಗಲಿಲ್ಲ. "ಕಂಡ್ಯಾ, ಇಷ್ಟು ಬಿಸಿಲಿಗೇ ಎಂತದೂ ಆಗ್ಲಿಲ್ಲ, ಎಳೆಬಿಸಿಲಿಗೆ ಎಂತ ಆಗೂದು?" ಎಂದು ಅಜ್ಜಿ ಮರುದಿನ ಇನ್ನಷ್ಟು ಎಣ್ಣೆ ಹಚ್ಚಿ ಇನ್ನಷ್ಟು ಹೊತ್ತು ಕೂರಿಸಿದಳು. ಬಾವಂಚಿಯ ಗುಣವೇ ಅದು, ಇವತ್ತಿನ ಉರಿಯನ್ನು ಇವತ್ತೇ ತೋರಿಸುವುದಿಲ್ಲ. ಅದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಮೂರನೆಯ ದಿನ ಕೈ ಕೆಂಪಗಾಗಿ ಊದಿತ್ತು. ಅಜ್ಜಿ ಖುಷಿಪಟ್ಟಳು, ಬಿಳಿ ಹೋಗಿ ಬಣ್ಣ ಬರುತ್ತಿದೆ ಎಂದು. ಅವತ್ತೂ ಕೂರಿಸಿದಳು. ಮಧ್ಯಾಹ್ನ ಕಳೆಯುವಷ್ಟರಲ್ಲಿ ಮಚ್ಚೆ ಇದ್ದಲ್ಲೆಲ್ಲ ನೀರುಗುಳ್ಳೆ ಎದ್ದವು, ದ್ರಾಕ್ಷಿ ಹಣ್ಣಿನಷ್ಟು ದಪ್ಪದವು. ಒಳಗೆ ಯಾರೋ ಕೆಂಡ ಊದುತ್ತಿದ್ದಾರೆ ಅನಿಸುತ್ತಿತ್ತು. ಸೆರಗಿನ ತುದಿಯನ್ನು ಬಾಯಿಗೆ ತುರುಕಿ ಸಮುದ್ರದ ಕಡೆ ಮುಖ ಮಾಡಿ ಕೂತಿದ್ದೆ. ಕಣ್ಣಲ್ಲಿ ನೀರು ಬಂದಿತ್ತು, ಆದರೆ ಗಾಳಿಗೆ ಬಂದದ್ದು ಅಂದರೂ ಆಗುತ್ತಿತ್ತು.

ಅಷ್ಟು ಹೊತ್ತಿಗೆ ಬಡಗುಮನೆಯ ಅತ್ತೆ ಬಂದಳು. ನಮ್ಮ ಮನೆಯ ಬಡಗು ದಿಕ್ಕಿನ ನೆರೆಯವಳು, ಸಂಬಂಧವೇನೂ ಇಲ್ಲ, ಕೇರಿಯವರೆಲ್ಲ ಅತ್ತೆ ಎನ್ನುತ್ತಿದ್ದೆವು. ಕೆಟ್ಟವಳಲ್ಲ. ಆದರೆ ಅವಳ ಬಾಯಿಗೆ ಹೋದ ಮಾತು ಅವತ್ತೇ ಅಳಿವೆ ದಾಟುತ್ತಿತ್ತು. ಅವಳು ಉಪ್ಪು ಕೇಳಲು ಬಂದವಳು ನನ್ನ ಕೈ ನೋಡಿದಳು, ಗುಳ್ಳೆ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. ನಾನು ಅಲ್ಲಾಡಲಿಲ್ಲ. ಅವಳು ಉಪ್ಪು ಒಯ್ಯದೆ ಹೋದಳು.

ಸಂಜೆಯೊಳಗೆ ಕೇರಿಗೆಲ್ಲ ಗೊತ್ತಾಗಿತ್ತು. ಮುಳ್ಳು ಚುಚ್ಚಿದರೆ ಊರು ಒಂದು ಮಾಡುವ ಹುಡುಗಿ, ಮೈಯಲ್ಲಿ ಚಗಳಿ ಗೂಡು ಕಟ್ಟಿದ ಹುಡುಗಿ, ಕೈ ಬೆಂದು ಗುಳ್ಳೆ ಎದ್ದರೂ ಗೊಂಬೆಯ ಹಾಗೆ ಕೂತಿದ್ದಳಂತೆ. ಗೊತ್ತೇ ಆಗಲಿಲ್ಲವಂತೆ. ಕೆಂಡ ತಾಗಿದರೂ ಗೊತ್ತಾಗದ ಮುದುಕ ಕೇದಗೆಯ ಹಿಂಡಿನಲ್ಲಿ ಕೂತಿರುವಾಗ ಇನ್ನು ಬೇರೆ ಸಾಕ್ಷಿ ಯಾರಿಗೆ ಬೇಕು? ಪಂಡಿತರು ಹೇಳಿದ್ದಾರೆ ಎಂದು ಅಬ್ಬೆ ಮನೆಮನೆಗೆ ಹೋಗಿ ಹೇಳಿದಳು. ಪಂಡಿತರು ಕಂಡದ್ದು ಹೋದ ವಾರದ ಕೈ, ನಾವು ಕಂಡದ್ದು ಇವತ್ತಿನ ಕೈ ಎಂದರು ಅವರು. ಮರುದಿನ ಹೊನ್ನಾವರಕ್ಕೆ ಹೋಗುವ ದೋಣಿಯಲ್ಲಿ ಅಬ್ಬೆಯ ಬುಟ್ಟಿಯ ಪಕ್ಕ ಯಾರೂ ಕೂರಲಿಲ್ಲ. ಅವಳು ಹೊತ್ತುಕೊಂಡು ಹೋದ ಮೀನನ್ನು ಹಾಗೇ ಹೊತ್ತು ತಂದಳು. ಬುಟ್ಟಿ ಇಳಿಸಿ ಜಗಲಿಯಲ್ಲಿ ಕೂತವಳು ನನ್ನ ಮುಖವನ್ನೇ ನೋಡಲಿಲ್ಲ.

ಸಿಟ್ಟಿಗೆ ನನ್ನ ಮೈ ಉರಿಯಿತು. ಕೈಯ ಉರಿ ಒಂದು ಕಡೆ, ಇದು ಇನ್ನೊಂದು. ಕೂಗಬೇಡ ಎಂದದ್ದಕ್ಕೆ ಕೂಗದೆ ಕೂತೆ, ಅದಕ್ಕೆ ಈ ಬಹುಮಾನ. ಮನೆಯೊಳಗೆ ಇರಲಾಗದೆ ಹಿತ್ತಿಲಿಗೆ ಹೋದೆ, ಹಿತ್ತಿಲಿನಿಂದ ಜಗಲಿಗೆ ಬಂದೆ, ನೀರು ಕುಡಿದೆ, ಮತ್ತೆ ಹಿತ್ತಿಲು. ಎಲ್ಲಿ ನಿಂತರೂ ಕೇದಗೆಯ ಹಿಂಡು ಕಾಣುತ್ತಿತ್ತು. ಭಟ್ಕಳದ ವ್ಯಾಪಾರಿ ಇನ್ನೇನು ಬರುವ ಹೊತ್ತು. ಅವನ ಕಿವಿಗೆ ಬಿದ್ದರೆ ನಮ್ಮ ಮನೆಯ ಮೀನು ಕೇಳುವವರಿಲ್ಲ. ಆಗ ಬೇಡ ಎಂದರೂ ಅಪ್ಪನೇ ಆ ಖಾಲಿ ಜಾಗದಲ್ಲಿ ನನ್ನ ಗುಡಿಸಲಿಗೆ ತೆಂಗಿನ ಮಡಲು ಹೊರಬೇಕಾಗುತ್ತಿತ್ತು.

ಅಜ್ಜಿ ಮನೆ ಮುಂದಿನ ಮರಳಿನಲ್ಲಿದ್ದ ಉಪ್ಪಿನ ಬಾನಿಯ ಹತ್ತಿರ ಕೂತಿದ್ದಳು. ಮೀನನ್ನು ಸೀಳಿ ಉಪ್ಪುನೀರಿನಲ್ಲಿ ಹಾಕಿಡುವ ದೊಡ್ಡ ಮಣ್ಣಿನ ಬಾನಿ ಅದು. ಆ ಸಲದ ಬಂಗಡೆಯೆಲ್ಲ ಅದರಲ್ಲೇ ಇತ್ತು. ಬಹಳ ಹೊತ್ತು ಕೂತು, ಎದ್ದು, ಮಾರನೆಯ ಬೆಳಿಗ್ಗೆ ಮೀನು ಹರಡುವ ಹೊತ್ತಿಗೆ ಸರಿಯಾಗಿ ನನ್ನ ಬಲಗೈ ಹಿಡಿದು ಬಾನಿಯ ಹತ್ತಿರ ಎಳೆದುಕೊಂಡು ಬಂದಳು. ಕೇರಿಯ ಹೆಂಗಸರೆಲ್ಲ ಮರಳಿನಲ್ಲಿ ಅವರವರ ಚಾಪೆಯ ಹತ್ತಿರ ಇದ್ದರು. ನಮ್ಮನ್ನು ಕಂಡು ಬೆನ್ನು ತಿರುಗಿಸಿದರು.

"ಎಲ್ಲಾ ಇಲ್ಲಿ ನೋಡಿ," ಎಂದಳು ಅಜ್ಜಿ. ದೊಡ್ಡ ದನಿಯಲ್ಲೇನೂ ಹೇಳಲಿಲ್ಲ. ಆಮೇಲೆ ನನ್ನ ಎಡಗೈಯನ್ನು ಹಿಡಿದು, ಗುಳ್ಳೆ ಒಡೆದು ಹಸಿಹಸಿಯಾಗಿದ್ದ ಕೈಯನ್ನು, ಮೊಣಕೈಯವರೆಗೆ ಬಾನಿಯೊಳಗೆ ಅದ್ದಿದಳು.

ಬಡಗುಮನೆಯ ಅತ್ತೆ ಎದೆ ಹಿಡಿದುಕೊಂಡಳು. ದೊಡ್ಡರೋಗದ ಕೈ ಬಿದ್ದ ಬಾನಿ ಎಂದಾದರೆ ಮೀನನ್ನೂ ಬಾನಿಯನ್ನೂ ಹೂಳುವುದೇ, ಬೇರೆ ದಾರಿಯಿಲ್ಲ. ಅದು ಅಜ್ಜಿಗೆ ಗೊತ್ತಿತ್ತು. ನನಗೆ ಮಾತ್ರ ಅದು ಯಾವುದೂ ಹೊಳೆಯಲಿಲ್ಲ. ಉಪ್ಪು ಹಸಿ ಚರ್ಮಕ್ಕೆ ಹತ್ತಿದ್ದೇ ಜೀವ ಬಾಯಿಗೆ ಬಂತು. ಅಷ್ಟು ದಿನ ಸೆರಗಿನ ತುದಿಯಲ್ಲಿ ಕಟ್ಟಿಟ್ಟದ್ದೆಲ್ಲ ಒಂದೇ ಸಲ ಹೊರಗೆ ಬಿತ್ತು. ಕೂಗಿದೆ ಅಂದರೆ ಸಾಲದು, ಅರಚಿದೆ. ಅಜ್ಜಿಯನ್ನು ಮುದಿಗೂಬೆ ಎಂದೆ, ನಿನ್ನ ಕೈ ಸೇದಿ ಹೋಗಲಿ ಎಂದೆ, ಪಂಡಿತರನ್ನು ಬೈದೆ, ಬಡಗುಮನೆಯ ಅತ್ತೆಯ ನಾಲಿಗೆಗೆ ಹುಳ ಬೀಳುತ್ತದೆ ಎಂದೆ, ಗಂಡಸರು ದೋಣಿಯಲ್ಲಿ ಆಡುವ ಮಾತುಗಳೂ ಬಾಯಿಂದ ಬಂದವು. ಆಚೆ ದಡಕ್ಕೆ ಹೊರಟಿದ್ದ ದೋಣಿಯವರು ಹುಟ್ಟು ನಿಲ್ಲಿಸಿ ನೋಡಿದರಂತೆ.

ಅಜ್ಜಿ ನನ್ನ ಕೈ ಮೇಲೆತ್ತಿ ಎಲ್ಲರಿಗೂ ತೋರಿಸಿದಳು. "ಕೇಳ್ತಾ? ಸತ್ತ ಚರ್ಮ ಹೀಂಗೆ ಕೂಗ್ತದ್ಯಾ? ಅವತ್ತು ಕೂಗದೇ ಇದ್ದದ್ದು ನಾನು ಬೇಡ ಅಂದದ್ದಕ್ಕೆ. ಸುಟ್ಟದ್ದೂ ನಾನೇ."

ನಾನು ಮರಳಿನಲ್ಲಿ ಕೂತು ಕೈ ಊದಿಕೊಳ್ಳುತ್ತ ಇನ್ನೂ ಬೈಯುತ್ತಲೇ ಇದ್ದೆ. ಆಗ ಬಡಗುಮನೆಯ ಅತ್ತೆ ಎದ್ದು ಬಂದು, ನಮ್ಮ ಬಾನಿಗೆ ತನ್ನ ಕೈ ಹಾಕಿ ಒಂದು ಬಂಗಡೆ ತೆಗೆದು, ನೀರು ಸೋರಿಸಿ ನಮ್ಮ ಚಾಪೆಯ ಮೇಲೆ ಹರಡಿದಳು. ಆಮೇಲೆ ಇನ್ನೊಂದು. "ನನ್ನ ನಾಲಿಗೆಗೆ ಹುಳ ಬೀಳ್ತದೆ ಅಂದ್ಯಲ್ಲೆ ಹುಡುಗಿ, ಇಷ್ಟು ಉಪ್ಪಿನಾಗೆ ಹುಳ ಎಲ್ಲಿ ಬೀಳೂದು?" ಎಂದಳು. ಯಾರೋ ನಕ್ಕರು. ಮರುದಿನ ದೋಣಿಯಲ್ಲಿ ಅಬ್ಬೆಯ ಬುಟ್ಟಿಯನ್ನು ಒತ್ತಿಕೊಂಡೇ ಎಲ್ಲರೂ ಕೂತರಂತೆ.

ಅಬ್ಬೆ ಮತ್ತೆ ಕುಮಟೆಗೆ ಹೋಗಿ ಪಂಡಿತರ ಬೈಗುಳ ತಿಂದು ಬಂದಳು. ಎಣ್ಣೆ ಬಂದ್. ಲೋಳೆಸರ ಹಚ್ಚಬೇಕು, ಆ ಕೈಗೆ ಇನ್ನು ಬಿಸಿಲೇ ಬೀಳಬಾರದು, ಬಣ್ಣವಿಲ್ಲದ ಚರ್ಮಕ್ಕೆ ಬಿಸಿಲು ತಡೆಯುವ ಶಕ್ತಿ ಇಲ್ಲ, ಮತ್ತೆ ಸುಟ್ಟರೆ ಹುಣ್ಣು ಮಾಯುವುದು ಕಷ್ಟ ಎಂದಿದ್ದರು. ಈ ಸಲ ಅಬ್ಬೆ ಮೂರನೆಯ ಮಾತನ್ನೂ ಆಡಿದಳು, ನಾಲ್ಕನೆಯದನ್ನೂ. ಅಜ್ಜಿ ತಲೆ ಎತ್ತದೆ ಕೇಳಿಸಿಕೊಂಡಳು. ಕೈಗೆ ತೋಳು ಹೊಲಿಯಲು ಬಟ್ಟೆ ಎಲ್ಲಿದೆ? ಉಡಲಿಕ್ಕೇ ಕೂಪನ್ ಕಾಯುವ ಕಾಲ. ಅಪ್ಪನ ಹಳೆಯ ಹಾಯಿ ಹರಿದರೆ ಅದರಲ್ಲಿ ಹೊಲಿದು ಕೊಡುತ್ತೇನೆ, ಅಲ್ಲಿಯ ತನಕ ಒಳಗೆ ಇರಲಿ ಎಂದಳು ಅಬ್ಬೆ.

ನಾನು ಒಳಗೆ ಇರುವವಳೇ? ಕೈ ಮಾಯುತ್ತಿದ್ದಂತೆ ಒಂದು ಬೆಳಿಗ್ಗೆ ಮರಳಿಗೆ ಓಡಿಬಂದೆ. ಕಾಗೆಗಳು ಸೊಕ್ಕಿದ್ದವು. ಓಡಿಸಲು ಕೋಲು ಎತ್ತಿದೆ. ಎಡಗೈ ಮೇಲೆ ತಂಪಾಯಿತು. ನೋಡಿದರೆ ಅಜ್ಜಿ ಬಂದು ಬಿಸಿಲಿಗೆ ಬೆನ್ನು ಕೊಟ್ಟು ನಿಂತಿದ್ದಳು, ಅವಳ ನೆರಳು ನನ್ನ ಕೈಯ ಮೇಲೆ.

"ಆಚೆ ಸರಿ, ಕೆಲಸ ಅದೆ," ಎಂದೆ. ಅವಳ ಮೇಲಿನ ಸಿಟ್ಟು ಇನ್ನೂ ಇಳಿದಿರಲಿಲ್ಲ.

"ನೀನು ಮಾಡು," ಎಂದಳು.

ನಾನು ಚಾಪೆಯ ಆ ತುದಿಗೆ ಹೋದೆ. ಅವಳೂ ಬಂದಳು. ಮೀನು ಮಗುಚುತ್ತ ಈ ತುದಿಗೆ ಬಂದೆ, ಅವಳೂ ಹಿಂದೆಯೇ. ಹದ್ದೊಂದು ಇಳಿಯಿತು, ಓಡಿದೆ, ಅವಳೂ ಸೊಂಟ ಹಿಡಿದುಕೊಂಡು ಓಡಿದಳು. ಬೇಕೆಂದೇ ದೋಣಿಗಳ ಸುತ್ತ ಒಂದು ಸುತ್ತು ಹಾಕಿದೆ. ಬಿಸಿಲು ಏರಿದ ಹಾಗೆ ಅವಳ ನೆರಳು ಗಿಡ್ಡವಾಯಿತು, ಅದನ್ನು ನನ್ನ ಕೈಗೆ ಮುಟ್ಟಿಸಲು ಅವಳು ಇನ್ನಷ್ಟು ಹತ್ತಿರ ಬರಬೇಕಾಯಿತು. ಕೊನೆಗೆ ಅವಳ ಉಸಿರು ನನ್ನ ಕುತ್ತಿಗೆಗೆ ತಾಗುತ್ತಿತ್ತು. ಹೆಂಗಸರು ಕೆಲಸ ಬಿಟ್ಟು ನೋಡಿ ನಗುತ್ತಿದ್ದರು. ಅವಳು ಯಾರ ಕಡೆಗೂ ನೋಡಲಿಲ್ಲ. ಬಿಸಿಲಿಗೆ ಹೆದರುವವಳು ಮೀನಿನವಳಲ್ಲ ಎಂದು ಊರಿಗೆಲ್ಲ ಹೇಳುತ್ತಿದ್ದವಳ ಬೆನ್ನು ಬೆವರಿ ಸೀರೆ ಅಂಟಿಕೊಂಡಿತ್ತು.

ಇನ್ನೊಂದು ಸುತ್ತು ಹಾಕಲು ಹೊರಟು ಹಿಂದಿರುಗಿ ನೋಡಿದೆ. ಅವಳು ಮೊಣಕಾಲಿಗೆ ಕೈ ಊರಿ ಬಗ್ಗಿದ್ದಳು. ಆದರೂ ಒಂದು ಹೆಜ್ಜೆ ಮುಂದೆ ಇಟ್ಟೇ ನಿಂತಿದ್ದಳು, ನಾನು ಎತ್ತ ಹೋಗುತ್ತೇನೋ ಅತ್ತ ಬರಲು. ನಾನು ಕೋಲು ಕೆಳಗೆ ಹಾಕಿ, ಅವಳ ರಟ್ಟೆ ಹಿಡಿದು ದೋಣಿಯ ನೆರಳಿಗೆ ಕರೆದುಕೊಂಡು ಹೋದೆ. ಅವಳನ್ನು ಕೂರಿಸಿ ಪಕ್ಕದಲ್ಲಿ ನಾನೂ ಕೂತೆ. ಕಾಗೆಗಳು ಬಂದು ಒಂದು ಬಂಗಡೆ ಕಚ್ಚಿಕೊಂಡು ಹೋದವು. ಇಬ್ಬರೂ ಏಳಲಿಲ್ಲ.